ಸೀಸ ಬೆರೆಸದ ತವರ

ಮೂರು ದಿನದಿಂದ ರೇವಣಸಿದ್ದಯ್ಯ ಯಾವ ಲೋಹವನ್ನೂ ನಂಬುತ್ತಿರಲಿಲ್ಲ. ಮಿಂದು, ಹಣೆಗೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ದೃಷ್ಟಿಯನ್ನು ಅದರ ಮೇಲೆ ನಿಲ್ಲಿಸಬೇಕಾದ ಹೊತ್ತಿನಲ್ಲಿ ಅವನ ಕಣ್ಣು ಪಕ್ಕದಲ್ಲಿ ತೆರೆದಿಟ್ಟಿದ್ದ ಬೆಳ್ಳಿಯ ಕರಡಿಗೆಯ ಅಂಚಿಗೆ ಹೊರಳುತ್ತಿತ್ತು; ಅಲ್ಲಿ ಏನಾದರೂ ಎದ್ದು ನಿಂತಿದೆಯೇ, ಕಿಟಕಿಯ ಬೆಳಕಿಗೆ ಮಿಂಚುತ್ತಿದೆಯೇ ಎಂದು. ಏನೂ ಇರಲಿಲ್ಲ. ಬೆಳ್ಳಿಗೆ ಹಾಗೆ ಬರುವುದಿಲ್ಲವೇನೋ, ಅಥವಾ ಬಂದರೂ ಬರಿಗಣ್ಣಿಗೆ ಕಾಣುವುದಿಲ್ಲವೇನೋ. ಕಣ್ಣನ್ನು ಎಳೆದು ತಂದು ಲಿಂಗದ ಮೇಲೆ ನಿಲ್ಲಿಸಿದ. ಚಿಕ್ಕಂದಿನಲ್ಲಿ ಯಡಿಯೂರಿನ ಹತ್ತಿರದ ತನ್ನ ಊರಿನ ಜಗಲಿಯಲ್ಲಿ ಸಂಜೆಸಂಜೆಗೂ ಪುರಾಣ ಓದುತ್ತಿದ್ದ ಮುದುಕರ ದನಿಯನ್ನು ನೆನಪಿಗೆ ಕರೆದ. ಎಂಥ ಕಷ್ಟದಲ್ಲೂ ಒಂದು ಪದ್ಯ ಅವನೊಳಗೆ ತಾನಾಗಿ ಏಳುತ್ತಿತ್ತು. ಕಾರ್ಖಾನೆಯ ಮೋಟಾರಿನ ಸದ್ದಿಗೂ ಅದು ಹೊಂದಿಕೊಳ್ಳುತ್ತಿತ್ತು. ಈಗ ಮೊದಲ ಸಾಲು ಬಂತು, ಎರಡನೆಯದು ಬಂತು, ಮೂರನೆಯ ಸಾಲು ಉದ್ದಕ್ಕೆ ಸಾಗಿ ಉಸಿರು ನಿಲ್ಲಿಸುವ ಜಾಗಕ್ಕೆ ಮುಟ್ಟುವ ಮುಂಚೆಯೇ ನಿಂತುಹೋಯಿತು. ಮರೆತದ್ದಲ್ಲ. ಮುಂದಿನ ಮಾತು ಗೊತ್ತಿತ್ತು. ನಾಲಿಗೆ ಅದನ್ನು ಆಡಲು ಹೆದರಿದಂತಿತ್ತು. ಹನ್ನೊಂದು ಗಂಟೆಗೆ ರೈಲ್ವೆಯವರ ವಿಚಾರಣೆ.

ಹೊರಗೆ ಬಾಗಿಲಲ್ಲಿ ಕಲ್ಲಮ್ಮ ಕೂತಿದ್ದಳು. ರೈಲ್ವೆ ಗೇಟಿನ ಕಾವಲುಗಾರ ಅಡವಿಯಪ್ಪನ ಹೆಂಡತಿ. ಗುಬ್ಬಿಯ ಆಚೆಯಿಂದ ಮೊದಲ ಬಸ್ಸಿಗೇ ಬಂದು, ಪೂಜೆ ಮುಗಿಯಲಿ ಎಂದು ಕೂಗದೆ ಕಾದಿದ್ದಳು. ಅವನು ಹೊಸ್ತಿಲು ದಾಟುತ್ತಲೇ ಕಾಲಿಗೆ ಬಿದ್ದಳು. ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಎಳೆದುಕೊಂಡ ಕಾಲನ್ನು ಅವಳ ಕೈ ಹುಡುಕಿಕೊಂಡು ಬಂತು.

‘ಏಳು ಕಲ್ಲಮ್ಮ. ಬೆಳಗ್ಗೆ ಬೆಳಗ್ಗೆ ಇದೇನು.’

‘ಗಂಟೆ ಬಡೀತು ಅಂತವ್ರೆ ಅಯ್ನೋರೇ. ಬಡಿದಿದ್ರೆ ನನ್ಗೂ ಕೇಳುಸ್ತಿರ್ಲಿಲ್ವಾ? ನಾನು ಅಲ್ಲೇ ರಾಗಿ ಕೇರ್ತಾ ಕುಂತಿದ್ದೆ. ಹಾಡಹಗಲು. ನಿದ್ದೆ ಮಾಡ್ತಿದ್ದ ಅಂತ ಬರ್ದವ್ರಂತೆ. ಇಪ್ಪತ್ತು ವರ್ಸದಿಂದ ಆ ಮನ್ಸ ಹಗಲೊತ್ತು ಕಣ್ಣು ಮುಚ್ಚಿದ್ನ ನಾನು ಕಾಣೆ.’ ಸೆರಗಿನಿಂದ ಮೂಗು ಒರೆಸಿಕೊಂಡು, ದನಿ ತಗ್ಗಿಸಿ ಹೇಳಿದಳು: ‘ನೀವು ಒಂದು ಮಾತು ಅಂದ್ಬುಡಿ. ನಿಮ್ ಬಾಯಾಗೆ ಬಂದಿದ್ದು ಸುಳ್ಳು ಅಂತ ಯಾರೂ ಅನ್ನಕಿಲ್ಲ.’

ಈ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದಿದ್ದ. ಅದರಲ್ಲಿ ಒಂದು ಬೆಚ್ಚನೆಯ ಸುಖವಿತ್ತು ಎಂಬುದು ಇವತ್ತು, ಆ ಸುಖ ಮೈಬಿಟ್ಟ ಮೇಲೆ, ತಿಳಿಯಿತು. ‘ಆಗಲಿ, ಹೋಗು, ಏನಾದ್ರೂ ಬಾಯಿಗೆ ಹಾಕ್ಕೋ’ ಎಂದು ಒಳಗೆ ಬಂದವನು, ಹಾಸಿಗೆಯ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತಗಡಿನ ಪಟ್ಟಿಯನ್ನು ಒಳಜೇಬಿಗೆ ಹಾಕಿಕೊಂಡ. ಹಾಕಿಕೊಂಡ ಮೇಲೆ ಎದೆಯನ್ನು ಅದಕ್ಕೆ ತಾಕದಂತೆ ಹಿಂದಕ್ಕೆ ಹಿಡಿದುಕೊಂಡು ನಡೆಯತೊಡಗಿದ, ಜೇಬಿನಲ್ಲಿ ಹಕ್ಕಿಯ ಮೊಟ್ಟೆ ಇದೆಯೋ ಎಂಬಂತೆ.

ಮರಳೂರಿನ ಮನೆಯಿಂದ ಊರೊಳಗಿನ ಸ್ಟೇಷನ್ನಿನವರೆಗೆ ದಿನವೂ ನಡೆಯುವ ದಾರಿಯೇ. ಅಪ್ಪನಿದ್ದಿದ್ದರೆ ಏನೆನ್ನುತ್ತಿದ್ದ? ಅಪ್ಪ ಕುಣಿಗಲ್ ಕಡೆಯ ಒಂದು ಸಣ್ಣ ಮಠದಲ್ಲಿ ಪಾತ್ರೆಪಡಗದ ಉಸ್ತುವಾರಿ ನೋಡುತ್ತಿದ್ದ. ವರ್ಷಕ್ಕೊಮ್ಮೆ ಕಲಾಯಿಯವನು ಬಂದು ಅಂಗಳದಲ್ಲಿ ಕುಳಿ ತೋಡಿ ತಿದಿ ಹೂಡುತ್ತಿದ್ದ. ತಾಮ್ರದ ಹಂಡೆಗಳು ಕೆಂಪಗೆ ಕಾದು, ನವಸಾಗರದ ಬಿಳಿ ಹೊಗೆ ಎದ್ದು, ತವರದ ಕಡ್ಡಿ ಮುಟ್ಟಿಸಿದೊಡನೆ ಹಂಡೆಯ ಹೊಟ್ಟೆಯೊಳಗೆ ಚಂದ್ರ ಹರಿದಂತಾಗುತ್ತಿತ್ತು. ಎಲ್ಲ ಮುಗಿದ ಮೇಲೆ ಅಪ್ಪ ತನ್ನ ಮಡಿಪಂಚೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒಂದೊಂದೇ ಪಾತ್ರೆಯ ಒಳಗನ್ನು ಉಜ್ಜುತ್ತಿದ್ದ. ಬಟ್ಟೆ ಬೆಳ್ಳಗೇ ಉಳಿದರೆ ಕಲಾಯಿಯವನಿಗೆ ಊಟ. ಕಪ್ಪು ಹತ್ತಿದರೆ, ‘ಸೀಸ ಬೆರೆಸಿದೀಯ. ಉಂಡೋರ ಹೊಟ್ಟೆಗೆ ವಿಷ ಬಡಿಸ್ತಿದೀಯ. ಏಳು’ ಅಷ್ಟೇ. ಬೈಗುಳವಿಲ್ಲ. ಒಂದು ಸಲ ಹಾಗೆ ಎಬ್ಬಿಸಿದವನು ಸೊಂಟದ ಮೇಲೆ ತಿದಿ ಹೊತ್ತುಕೊಂಡು ಬಿಸಿಲಿನಲ್ಲಿ ಹೋಗುವುದನ್ನು ಪುಟ್ಟ ರೇವಣಸಿದ್ದ ನೋಡಿದ್ದ. ಸೀಸವೆಂದರೆ ಮೋಸ, ತವರವೆಂದರೆ ಸತ್ಯ ಎಂಬುದು ಅವನಿಗೆ ಅಕ್ಷರ ಕಲಿಯುವ ಮುಂಚೆಯೇ ಬಂದ ವಿದ್ಯೆ.

ಆದ್ದರಿಂದಲೇ ಅರವತ್ತೊಂದರ ಬೇಸಿಗೆಯಲ್ಲಿ ಪರಮಶಿವಯ್ಯನವರ ಕಾರ್ಖಾನೆಗೆ ಆ ಕೆಲಸ ಬಂದಾಗ, ಜೊತೆಯಲ್ಲಿ ಬಂದ ಕಾಗದ ನೋಡಿ ಅವನಿಗೆ ಮೈಯುರಿದಿತ್ತು. ರೈಲ್ವೆ ಗೇಟಿಗೆ ಹಾಕುವ ಹನ್ನೆರಡು ಗಂಟೆಪೆಟ್ಟಿಗೆಗಳು. ಸ್ಟೇಷನ್ನಿನಿಂದ ಗಾಡಿ ಬಿಟ್ಟಾಗ ಅಲ್ಲಿ ಗುಂಡಿ ಒತ್ತಿದರೆ ಇಲ್ಲಿ ಗೇಟಿನಲ್ಲಿ ಗಂಟೆ ಬಡಿಯಬೇಕು, ಕಾವಲಿನವನು ಗೇಟು ಹಾಕಬೇಕು. ಪೆಟ್ಟಿಗೆಯೊಳಗೆ ತಂತಿ ಬಂದು ಕೂಡುವ ಹಿತ್ತಾಳೆಯ ಪಟ್ಟಿಗಳು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಜೋಳದ ಕಾಳೂ ಹಿಡಿಸದಷ್ಟು ಸಂದು. ಆ ಪಟ್ಟಿಗಳಿಗೆ ತೊಟ್ಟಿಯಲ್ಲಿ ಕರೆಂಟು ಹಾಯಿಸಿ ತವರದ ಲೇಪ ಕೊಡುವುದು ರೇವಣಸಿದ್ದಯ್ಯನ ಕೆಲಸ. ಕಾಗದದಲ್ಲಿ ಬರೆದಿತ್ತು: ತವರದಲ್ಲಿ ನೂರಕ್ಕೆ ಹತ್ತು ಪಾಲು ಸೀಸ ಇರಲೇಬೇಕು. ಏಕೆಂದು ಬರೆದಿರಲಿಲ್ಲ. ಏಕೆಂದು ಅವನಿಗೆ ಗೊತ್ತಿತ್ತಲ್ಲ, ಸೀಸ ಅಗ್ಗ. ದೊಡ್ಡ ಆಫೀಸಿನವರೂ ಕಲಬೆರಕೆ ಕಲಾಯಿಯವರೇ ಎಂದುಕೊಂಡ. ಸೀಸದ ಹಲಗೆಯನ್ನು ಮೂಲೆಯಲ್ಲಿ ಗೋಣಿಯ ಕೆಳಗೆ ತಳ್ಳಿ, ಉಗ್ರಾಣದಿಂದ ಇನ್ನಷ್ಟು ತವರ ತಂದು, ಹನ್ನೆರಡು ಪೆಟ್ಟಿಗೆಗೂ ಅಪ್ಪಟ ತವರವನ್ನೇ ಏರಿಸಿದ. ಯಾರಿಗೂ ಹೇಳಲಿಲ್ಲ. ಹೇಳದೆ ಇಟ್ಟುಕೊಂಡದ್ದೇ ಅದರ ರುಚಿಯಾಗಿತ್ತು. ಪಟ್ಟಿಗಳನ್ನು ತೊಳೆದು ಒರೆಸಿ ಇಟ್ಟಾಗ ಮಠದ ಹಂಡೆಗಳ ಹಾಗೆ ಬೆಳಗಿದವು. ಅಡವಿಯಪ್ಪನ ಗೇಟಿಗೆ ಹೋದದ್ದು ಏಳನೆಯ ಪೆಟ್ಟಿಗೆ. ಅದನ್ನು ಹಾಕಿದ ದಿನ ಅಡವಿಯಪ್ಪ ಹೊಗಳಿದ್ದ: ‘ಅಯ್ನೋರ ಕೈಯಿ ಮುಟ್ಟೈತೆ, ಇನ್ನು ಗಂಟೆ ದೇವಸ್ಥಾನದ್ದೇಯ.’

ಆ ಗಂಟೆ ಹದಿನಾಲ್ಕು ದಿನದ ಹಿಂದೆ, ಮಟಮಟ ಮಧ್ಯಾಹ್ನ, ಬಡಿಯಲಿಲ್ಲ. ಕರಿಸಿದ್ದಪ್ಪ ಎಂಬವನ ಕಡಲೆಕಾಯಿ ಗಾಡಿ ಹಳಿ ದಾಟುತ್ತಿದ್ದಾಗ ರೈಲು ಬಂತು. ಗಾಡಿಯ ಹಿಂಭಾಗ ಚೂರಾಯಿತು, ನೊಗದಲ್ಲಿ ಸಿಕ್ಕಿ ಒಂದು ಎತ್ತು ಸತ್ತಿತು, ಕರಿಸಿದ್ದಪ್ಪ ಚರಂಡಿಗೆ ಬಿದ್ದು ತೋಳು ಮುರಿದುಕೊಂಡ. ಅರ್ಧ ಗಂಟೆಯ ಮೇಲೆ ಬಂದು ಪರೀಕ್ಷಿಸಿದವರು ಗುಂಡಿ ಒತ್ತಿದರೆ ಗಂಟೆ ಚೆನ್ನಾಗಿಯೇ ಬಡಿಯಿತು. ಹತ್ತು ಸಲ ಒತ್ತಿದರು, ಹತ್ತು ಸಲವೂ ಬಡಿಯಿತು. ಅಡವಿಯಪ್ಪನನ್ನು ಕೆಲಸದಿಂದ ನಿಲ್ಲಿಸಿ ಮನೆಗೆ ಕಳಿಸಿದರು.

ರೇವಣಸಿದ್ದಯ್ಯನಿಗೆ ಆಗಿನ್ನೂ ಹೆದರಿಕೆ ಇರಲಿಲ್ಲ, ಬರೀ ಮರುಕ. ಹೆದರಿಕೆ ಬಂದದ್ದು ಮೂರು ದಿನದ ಹಿಂದೆ, ಬೆಂಗಳೂರಿನಿಂದ ಪಟ್ಟಾಭಿರಾಮ ಎಂಬ ರೈಲ್ವೆ ಎಂಜಿನಿಯರು ಕಾರ್ಖಾನೆಗೆ ಬಂದ ದಿನ. ತೆಳ್ಳನೆಯ ಮನುಷ್ಯ, ಕನ್ನಡಕ ಒರೆಸುತ್ತಲೇ ಮಾತಾಡುವವನು. ತೊಟ್ಟಿಯ ಪಕ್ಕ ನಿಂತು, ಹವೆಯ ವಿಷಯ ಮಾತಾಡುವಂತೆ ಹೇಳಿದ: ‘ಬರಿ ತವರಕ್ಕೆ ಒಂದು ಚಾಳಿ ಇದೆ ಅಯ್ಯನವರೇ. ಸುಮ್ಮನೆ ಬಿಟ್ಟರೆ ಅದಕ್ಕೆ ಕೂದಲು ಬೆಳೆಯುತ್ತೆ.’

‘ಕೂದಲು?’

‘ಹೂಂ. ನಿಮ್ಮ ತಲೆಗೂದಲಿಗಿಂತ ಎಷ್ಟೋ ಪಾಲು ತೆಳುವು. ಲೋಹದ್ದೇ. ನೀರು ಬೇಡ, ತುಕ್ಕೂ ಅಲ್ಲ, ತನ್ನಷ್ಟಕ್ಕೆ ಏಳುತ್ತೆ. ತಿಂಗಳಿಗೋ ವರ್ಷಕ್ಕೋ. ಯಾಕೇಂತ ಹೊರದೇಶದವರಿಗೂ ಸರಿಯಾಗಿ ಗೊತ್ತಿಲ್ಲ. ಪಕ್ಕದ ಪಟ್ಟಿಗೆ ಹೋಗಿ ಮುಟ್ಟಿತು ಅನ್ನಿ, ಗಂಟೆಗೆ ಹೋಗಬೇಕಾದ ಕರೆಂಟು ಅಲ್ಲೇ ಅಡ್ಡದಾರಿ ಹಿಡಿಯುತ್ತೆ. ಆಮೇಲೆ ಕೂದಲು ಸುಟ್ಟುಹೋಗುತ್ತೆ. ಎಲ್ಲಾ ಮೊದಲಿನ ಹಾಗೆ. ಸಾಕ್ಷಿಯೇ ಇರಲ್ಲ.’ ಕನ್ನಡಕ ಹಾಕಿಕೊಂಡು ನಕ್ಕ. ‘ಅದಕ್ಕೇ ಸೀಸ ಹಾಕೋದು. ಹತ್ತು ಪಾಲು ಸೀಸ ಬಿದ್ದರೆ ಕೂದಲು ಏಳಲ್ಲ. ನೀವು ಹಾಕಿದೀರಲ್ಲ?’

‘ಹಾಕಿದೀನಿ’ ಎಂದ ರೇವಣಸಿದ್ದಯ್ಯ.

ಅದು ಅವನು ಯೋಚಿಸಿ ಆಡಿದ ಮಾತಲ್ಲ. ಬಿಸಿ ಪಾತ್ರೆ ತಾಕಿದಾಗ ಕೈ ಹಿಂದಕ್ಕೆ ಬರುವಂತೆ ಬಂದ ಮಾತು. ಹಿಂದೆಯೇ ನಿಜ ಹೇಳಿಬಿಡಲು ಬಾಯಿ ತೆರೆದ, ಅಷ್ಟರಲ್ಲಿ ಪಟ್ಟಾಭಿರಾಮ ‘ನಿಮ್ಮಂಥವರು ಹೇಳಿದ ಮೇಲೆ ಮುಗೀತು’ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ: ಪೆಟ್ಟಿಗೆಯಲ್ಲಿ ದೋಷವಿಲ್ಲ. ಲೇಖನಿ ಕಾಗದದ ಮೇಲೆ ಮಾಡಿದ ಸದ್ದು ಅಡವಿಯಪ್ಪನ ಬೆನ್ನಿನ ಮೇಲೆ ನಡೆದ ಹಾಗೆ ಕೇಳಿಸಿತು. ಆದರೂ ತೆರೆದ ಬಾಯಿಂದ ಬಂದದ್ದು ‘ಕಾಫಿ ತರಿಸ್ಲಾ?’ ಎಂಬ ಮಾತು.

ಪಟ್ಟಾಭಿರಾಮ ಹೋದ ಮೇಲೆ, ಆ ಗಂಟೆಪೆಟ್ಟಿಗೆಗಳ ಕೆಲಸದಲ್ಲಿ ಉಳಿದ ಒಂದು ಪಟ್ಟಿಯನ್ನು ಕಪಾಟಿನಿಂದ ಹುಡುಕಿ ತೆಗೆದು, ಗಡಿಯಾರ ರಿಪೇರಿಯವನ ಕಣ್ಣುಗಾಜು ಕೇಳಿ ತಂದು ಕಿಟಕಿಯ ಬಳಿ ನೋಡಿದ. ಮೊದಲು ಬರೀ ಹೊಳಪು. ಪಟ್ಟಿಯನ್ನು ಒಂದಿಷ್ಟು ಓರೆ ಮಾಡಿದ. ಬೆಳಗುವ ಆ ನೆಲದಿಂದ ಒಂದು, ಮೂರು, ಆಮೇಲೆ ಎಣಿಸಲಾಗದಷ್ಟು ಎಳೆಗಳು ಎದ್ದು ನಿಂತಿದ್ದವು. ಕೆಲವು ನೆಟ್ಟಗೆ, ಕೆಲವು ನಡುವಿನಲ್ಲಿ ಮೊಣಕೈಯಂತೆ ಮುರಿದು ಬಾಗಿ. ಒಂದು ಎಳೆ ಪಕ್ಕದ ಎಳೆಯ ಕಡೆಗೆ ಚಾಚಿಕೊಂಡು, ಮುಟ್ಟಲು ಇನ್ನೇನು ಒಂದು ಉಸಿರಿನಷ್ಟು ಉಳಿದಿತ್ತು. ಅವನು ಉಸಿರು ಬಿಡಲಿಲ್ಲ. ಯಾರೂ ಬಿತ್ತದೆ, ಯಾರೂ ನೀರೆರೆಯದೆ, ಕಪಾಟಿನ ಕತ್ತಲಲ್ಲಿ ಎರಡು ವರ್ಷ ಇದು ಬೆಳೆಯುತ್ತಿತ್ತು; ಅವನು ಪೂಜೆ ಮಾಡುತ್ತಿದ್ದಾಗ, ಉಣ್ಣುತ್ತಿದ್ದಾಗ, ತಾನು ಅಪ್ಪನ ಮಗನೆಂದು ಒಳಗೊಳಗೇ ಹಿಗ್ಗುತ್ತಿದ್ದಾಗ. ಕೊಳಕಿನಿಂದ ಹುಟ್ಟಿದ್ದಾದರೆ ತೊಳೆಯಬಹುದಿತ್ತು. ಇದು ಶುದ್ಧದಿಂದಲೇ ಹುಟ್ಟಿದ್ದು. ಇನ್ನು ಹನ್ನೊಂದು ಗೇಟುಗಳಲ್ಲಿ, ಹನ್ನೊಂದು ಪೆಟ್ಟಿಗೆಗಳ ಒಳಗೆ, ಈ ಗಳಿಗೆಯಲ್ಲೂ. ಶಾಲೆಗೆ ಹೋಗುವವರು, ಸಂತೆಗೆ ಹೋಗುವವರು, ಬಸ್ಸುಗಳು. ಆವತ್ತಿನಿಂದ ಅವನಿಗೆ ದೂರದ ರೈಲಿನ ಕೂಗು ಕೇಳಿದರೆ ಅಂಗಾಲು ಬೆವರುತ್ತಿತ್ತು.

ವಿಚಾರಣೆಯ ಕೋಣೆ ಸ್ಟೇಷನ್ನಿನ ಹಿಂದೆ. ಹೊರಗಿನ ಬೆಂಚಿನ ಮೇಲೆ ಅಡವಿಯಪ್ಪ ಖಾಕಿ ಅಂಗಿಯ ಗುಂಡಿಗಳನ್ನೆಲ್ಲ ಕುತ್ತಿಗೆಯವರೆಗೆ ಹಾಕಿಕೊಂಡು ಕೂತಿದ್ದ. ಇವನನ್ನು ನೋಡಿ ಎದ್ದು, ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ‘ಬಂದ್ರಾ ಅಯ್ನೋರೇ. ನನ್ನಿಂದ ನಿಮ್ಗೆ ತೊಂದ್ರೆ.’ ರೇವಣಸಿದ್ದಯ್ಯ ಅವನ ಮುಖ ನೋಡದೆ ಒಳಗೆ ಹೋದ. ಪರಮಶಿವಯ್ಯನವರು ಆಗಲೇ ಕುರ್ಚಿಯಲ್ಲಿದ್ದರು. ರೇವಣಸಿದ್ದಯ್ಯ ಪಕ್ಕದಲ್ಲಿ ಕೂರುತ್ತಲೇ ಅವನ ಕಿವಿಯಲ್ಲಿ, ‘ಕೇಳಿದ್ದಕ್ಕಷ್ಟೇ ಹೇಳಿ. ಎಂಜಿನಿಯರ್ ರಿಪೋರ್ಟು ನಮ್ಮ ಕಡೆಗಿದೆ’ ಎಂದರು. ಮೇಜಿನ ಹಿಂದೆ ಅಧಿಕಾರಿ ಸೀತಾರಾಮಯ್ಯ, ಬದಿಯಲ್ಲಿ ಬರೆದುಕೊಳ್ಳುವ ಗುಮಾಸ್ತ. ರಿಪೋರ್ಟು ಕೊಟ್ಟು ಪಟ್ಟಾಭಿರಾಮ ಬೆಂಗಳೂರಿಗೆ ಹೋಗಿಯಾಗಿತ್ತು.

ಅಡವಿಯಪ್ಪನನ್ನು ಕರೆದು ಗೋಡೆಯ ಬಳಿ ನಿಲ್ಲಿಸಿದರು. ನಿದ್ದೆ ಮಾಡಿರಲಿಲ್ಲವೇ ಎಂದರೆ ಇಲ್ಲ ಎಂದ. ಗಂಟೆ ಏಕೆ ಕೇಳಿಸಲಿಲ್ಲ ಎಂದರೆ, ‘ಬಡಿಲಿಲ್ಲ ಸ್ವಾಮಿ, ಅದ್ಕೇ ಕೇಳುಸ್ಲಿಲ್ಲ’ ಎಂದ. ಗುಮಾಸ್ತ ನಕ್ಕ. ‘ಕಿವಿ ಎಲ್ಲಿಟ್ಟಿದ್ದೆ?’ ‘ಇಲ್ಲೇ ಸ್ವಾಮಿ’ ಎಂದು ಅಡವಿಯಪ್ಪ ನಿಜವಾಗಿಯೂ ಕಿವಿ ಮುಟ್ಟಿ ತೋರಿಸಿದ. ಎಲ್ಲರೂ ನಕ್ಕರು. ಪರಮಶಿವಯ್ಯನವರೂ. ತನ್ನ ತುಟಿಯೂ ನಗುವಿನ ಆಕಾರಕ್ಕೆ ಬಂದದ್ದು ರೇವಣಸಿದ್ದಯ್ಯನಿಗೆ ಗೊತ್ತಾಯಿತು. ಆ ತುಟಿಯನ್ನು ಕಚ್ಚಿಕೊಂಡು ಎದ್ದು ನಿಂತ.

‘ಸ್ವಾಮಿ, ನಾನು ಸೀಸ ಹಾಕಲಿಲ್ಲ.’

ಸೀತಾರಾಮಯ್ಯ ತಲೆಯೆತ್ತಿದರು. ‘ಏನು ಹಾಕಲಿಲ್ಲ?’

ಹೇಳಿದ. ಪಟ್ಟಾಭಿರಾಮ ಹೇಳಿದಷ್ಟು ಚೆನ್ನಾಗಿ ಹೇಳಲು ಬರಲಿಲ್ಲ. ತವರ, ಕೂದಲು, ಬೆಳೆಯುತ್ತದೆ, ಸುಟ್ಟುಹೋಗುತ್ತದೆ. ತನ್ನ ಬಾಯಿಂದ ಬಂದ ಒಂದೊಂದು ಮಾತೂ ಮಂತ್ರ ಹಾಕಿಸಿಕೊಂಡವನ ಬಡಬಡಿಕೆಯಂತೆ ಅವನಿಗೇ ಕೇಳಿಸಿತು. ಒಳಜೇಬಿನಿಂದ ಬಟ್ಟೆ ತೆಗೆದು, ಮಡಿಕೆ ಬಿಡಿಸಿ ಪಟ್ಟಿಯನ್ನು ಮೇಜಿನ ಮೇಲಿಟ್ಟ. ‘ಇದರ ಮೇಲಿದೆ. ಕಣ್ಣುಗಾಜು ಇದೆ, ಒಂದು ಸಲ’ ಎನ್ನುತ್ತಿದ್ದಂತೆಯೇ ಸೀತಾರಾಮಯ್ಯ ಅದನ್ನು ಎತ್ತಿಕೊಂಡು, ಸರಿಯಾಗಿ ಕಾಣಲೆಂದು, ಬಲಗೈ ಹೆಬ್ಬೆರಳಿನಿಂದ ಈ ತುದಿಯಿಂದ ಆ ತುದಿಗೆ ಚೆನ್ನಾಗಿ ಒರೆಸಿ, ಬೆಳಕಿಗೆ ಹಿಡಿದರು.

‘ಏನೂ ಇಲ್ಲವಲ್ರೀ. ಕನ್ನಡಿ ಇದ್ದ ಹಾಗಿದೆ.’

ರೇವಣಸಿದ್ದಯ್ಯ ಗಾಜಿನಲ್ಲಿ ನೋಡಿದ. ಏನೂ ಇರಲಿಲ್ಲ. ಹೊಳಪು.

‘ನೋಡಿ ಅಯ್ಯನವರೇ,’ ಸೀತಾರಾಮಯ್ಯನವರ ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು, ‘ಸೀಸ ಹಾಕಬೇಕಾದ ಕಡೆ ನೀವು ಅದಕ್ಕಿಂತ ದುಬಾರಿ ತವರ ಹಾಕಿದೆ ಅಂತೀರಿ. ಎಣ್ಣೆ ಹಾಕೋ ಕಡೆ ತುಪ್ಪ ಹಾಕಿದೆ ಅಂತ ಯಾರಾದರೂ ತಪ್ಪೊಪ್ಪಿಗೆ ಕೊಡ್ತಾರೇನ್ರೀ? ಈ ಗೇಟಿನವನ ಮೇಲಿನ ಕನಿಕರಕ್ಕೆ ಹೀಗೆ ಹೇಳ್ತಿದೀರಿ, ಗೊತ್ತಾಗುತ್ತೆ. ದೊಡ್ಡ ಮನಸ್ಸು.’ ಗುಮಾಸ್ತನ ಕಡೆ ತಿರುಗಿ, ‘ಬರ್ಕೊಳ್ಳಿ. ಉತ್ತಮ ದರ್ಜೆಯ ಶುದ್ಧ ತವರ ಬಳಸಲಾಗಿದೆ’ ಎಂದರು. ಪರಮಶಿವಯ್ಯನವರು ಅಭಿಮಾನದಿಂದ ತಲೆದೂಗಿ, ‘ನಮ್ಮಲ್ಲಿ ಹಾಗೇ ಸಾರ್. ಇವರು ಜಂಗಮರು’ ಎಂದರು.

ಗುಮಾಸ್ತನ ಲೇಖನಿ ಓಡುತ್ತಿತ್ತು. ಗೋಡೆಯ ಬಳಿ ಅಡವಿಯಪ್ಪನ ಕೈಯ ರುಮಾಲು ಹಿಂಡಿಕೊಂಡು ಹಗ್ಗದಂತಾಗಿತ್ತು. ಎಲ್ಲಿಂದಲೋ ಒಂದು ಗಾಡಿ ಶಂಟಿಂಗ್ ಮಾಡುವ ಸದ್ದು ಬಂದು ರೇವಣಸಿದ್ದಯ್ಯನ ಅಂಗಾಲಿಗೆ ಇಳಿಯಿತು. ನಿಜ ಹೇಳಿಯಾಗಿದೆ. ಹೇಳಿದ ನಿಜ ಹೊಗಳಿಕೆಯಾಗಿ ಕಾಗದಕ್ಕೆ ಇಳಿಯುತ್ತಿದೆ. ಇನ್ನು ಹನ್ನೊಂದು ಪೆಟ್ಟಿಗೆಗಳನ್ನು ಯಾರೂ ಬಿಚ್ಚುವುದಿಲ್ಲ, ಏಕೆಂದರೆ ಅವು ಶುದ್ಧ. ಇವರಿಗೆ ಅರ್ಥವಾಗುವ ಪಾಪ ಯಾವುದು? ಎಂಥದು ಹೇಳಿದರೆ ಆ ಲೇಖನಿ ನಿಲ್ಲುತ್ತದೆ? ಹೊಳೆದಾಗ, ಅದು ಬಹಳ ಹಿಂದಿನಿಂದ ಅಲ್ಲೇ ಕಾದು ನಿಂತಿದ್ದ ಹಾಗಿತ್ತು.

‘ಸುಳ್ಳು ಹೇಳಿದೆ ಸ್ವಾಮಿ.’

‘ಏನ್ರೀ?’

‘ತವರ ಹಾಕಲಿಲ್ಲ. ತವರ ಕದ್ದೆ. ಉಗ್ರಾಣದಲ್ಲಿ ತವರ ಕಡಿಮೆ ಬಂತು ಅಂತ ಧಣಿಗಳು ಆವಾಗ ಕೂಗಾಡಿದ್ದರು, ಕೇಳಿ ಬೇಕಾದರೆ. ಅದು ನಾನೇ. ಆ ಪಟ್ಟಿಗಳಿಗೆ ಏರಿಸಿದ್ದು ಕಲಬೆರಕೆ ಮಾಲು. ಈಗ ತೋರಿಸಿದ್ದು ಬೇರೆ ಪಟ್ಟಿ, ಹೆದರಿ ತಂದೆ. ಹನ್ನೆರಡು ಪೆಟ್ಟಿಗೆಗೂ ಕಲಬೆರಕೆಯೇ. ಇವತ್ತೇ ಬಿಚ್ಚಿಸದಿದ್ದರೆ ಇನ್ನೊಂದು ಗೇಟಿನಲ್ಲೂ ಹೀಗೇ ಆಗುತ್ತೆ.’

ಲೇಖನಿ ನಿಂತಿತು. ಪರಮಶಿವಯ್ಯನವರು ಅರ್ಧ ಎದ್ದರು. ‘ಅಯ್ನೋರೇ! ನೀವಾ?’ ಎಂದವರು, ಅವನ ಮುಖ ನೋಡಿ, ‘ಅಲ್ಲಿಗೆ ಆ ತವರ...’ ಎಂದು ತಮಗೆ ತಾವೇ ಲೆಕ್ಕ ಸರಿಹೋದವರಂತೆ ಮೆಲ್ಲಗೆ ಕೂತರು. ಎಷ್ಟು ಬೇಗ! ರೇವಣಸಿದ್ದಯ್ಯನಿಗೆ ಅದೇ ಎಲ್ಲಕ್ಕಿಂತ ಭಯಂಕರವಾಗಿ ಕಂಡಿತು. ಅವನ ನಿಜವನ್ನು ತಿರುಗಿಸಿ ಮುರುಗಿಸಿ ನೋಡಿದವರು ಈ ಸುಳ್ಳನ್ನು ಹಸಿದವರು ತುತ್ತು ನುಂಗುವಂತೆ ನುಂಗಿಬಿಟ್ಟರು. ನಲವತ್ತೆರಡು ವರ್ಷದ ನಡತೆ ಅಷ್ಟು ತೆಳುವಾಗಿತ್ತೇ? ಸೀತಾರಾಮಯ್ಯ ಗಂಟೆ ಒತ್ತಿ ಜವಾನನನ್ನು ಕರೆದು, ಅಡವಿಯಪ್ಪನ ಗೇಟಿನ ಜೊತೆಗೆ ಉಳಿದ ಹನ್ನೊಂದು ಗೇಟುಗಳನ್ನೂ ಈಗಿಂದೀಗಲೇ ಮುಚ್ಚಿಸಬೇಕು, ಹೊಸ ಪೆಟ್ಟಿಗೆ ಬರುವವರೆಗೆ ಮುಚ್ಚಿಯೇ ಇರಬೇಕು, ಯಾರಾದರೂ ದಾಟಬೇಕಾದರೆ ಎರಡೂ ಕಡೆಯ ಸ್ಟೇಷನ್ನುಗಳನ್ನು ಕೇಳಿಯೇ ತೆರೆಯಬೇಕು ಎಂದು ಹೇಳಿ ಕಳಿಸಿದರು. ಆಮೇಲೆ ಅವನ ಕಡೆ ತಿರುಗಿದಾಗ ದನಿಯಲ್ಲಿ ಬಹುವಚನ ಇರಲಿಲ್ಲ.

‘ವಿಭೂತಿ ಬೇರೆ. ಯಾರಿಗೆ ಮಾರಿದೆ?’

ಇದಕ್ಕೆ ಅವನು ಸಿದ್ಧನಾಗಿರಲಿಲ್ಲ. ಕದ್ದ ಮಾಲಿಗೆ ಕೊಂಡವನೊಬ್ಬ ಬೇಕು. ‘ಕೋರದ ಕಡೆಯವನೊಬ್ಬ... ಸಂತೆಯಲ್ಲಿ. ಹೆಸರು ಗೊತ್ತಿಲ್ಲ’ ಎಂದ. ಅಂದೊಡನೆ ಆ ಮನುಷ್ಯ ಕಣ್ಣ ಮುಂದೆ ಬಂದು ನಿಂತ, ಹೆಗಲ ಮೇಲೆ ಚೀಲ, ಒಂದು ಕಣ್ಣು ಮೆಳ್ಳೆ. ಇಲ್ಲದ ಮನುಷ್ಯನಿಗೆ ಇಷ್ಟು ಬೇಗ ಮುಖ ಬಂದುಬಿಟ್ಟಿತ್ತು. ಗುಮಾಸ್ತ ಬರೆದುಕೊಂಡ. ರುಜು ಹಾಕಿಸಿಕೊಂಡರು. ಪೊಲೀಸಿನವರು ಬರುವವರೆಗೆ ಹೊರಗೆ ಕೂತಿರು, ಎಲ್ಲಿಗೂ ಹೋಗಕೂಡದು ಎಂದರು.

ಹೊರಗಿನ ಬೆಂಚಿನಲ್ಲಿ ಬಿಸಿಲು ಬಂದಿತ್ತು. ಅಂಗಳದಾಚೆ ಕಲ್ಲಮ್ಮ ಗಂಡನ ಮುಂದೆ ನಿಂತು ಅಳುತ್ತ, ನಗುತ್ತ, ಮೂಗು ಒರೆಸಿಕೊಳ್ಳುತ್ತ ಇದ್ದಳು. ಈ ಕಡೆ ಒಮ್ಮೆ ನೋಡಿದಳು. ನೋಡಿ, ಸೆರಗು ಸರಿ ಮಾಡಿಕೊಂಡು ಬೇರೆ ಕಡೆಗೆ ತಿರುಗಿದಳು. ರೇವಣಸಿದ್ದಯ್ಯ ಕಣ್ಣು ಮುಚ್ಚಿ ಪದ್ಯವನ್ನು ಕರೆದ. ಮೊದಲ ಸಾಲೂ ಬರಲಿಲ್ಲ. ಬಂದರೆ ಏನು ಮಾಡುವುದೆಂದು ಹೆದರಿಕೆಯಾಗಿ ಕರೆಯುವುದನ್ನು ಬಿಟ್ಟ. ಹನ್ನೊಂದು ಗೇಟುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿರಬಹುದು ಎಂದು ಎಣಿಸಿದ. ಎಲ್ಲಾ ಮುಚ್ಚಿದವೋ, ಒಂದು ಉಳಿಯಿತೋ, ಇಲ್ಲಿ ಕೂತವನಿಗೆ ತಿಳಿಯುವುದು ಹೇಗೆ?

ಬೆಂಚು ಅಲುಗಿತು. ಅಡವಿಯಪ್ಪ ಬಂದು ಪಕ್ಕದಲ್ಲೇ, ತೊಡೆ ತಾಕುವಷ್ಟು ಹತ್ತಿರ ಕೂತ. ಕುತ್ತಿಗೆಯ ಗುಂಡಿ ಬಿಚ್ಚಿದ. ಉಗಿಯುತ್ತಾನೆ ಎಂದು ರೇವಣಸಿದ್ದಯ್ಯ ಕಾದ, ಉಗಿದರೆ ಒಳ್ಳೆಯದಿತ್ತು.

‘ಅಲ್ಲಾ ಕಣ್ಲಾ ಸಿದ್ದಯ್ಯ,’ ಅಡವಿಯಪ್ಪ ಮೊಣಕಾಲಿನ ಮೇಲೆ ಕೈಯಿಟ್ಟು ಬಗ್ಗಿ ಅವನ ಮುಖವನ್ನೇ ನೋಡುತ್ತ ಕೇಳಿದ, ದನಿಯಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಿತ್ತು, ‘ಅಷ್ಟು ತವರಾನ ಎಂಗ್ಲಾ ಸಾಗಿಸ್ದೆ? ಯಾರೂ ನೋಡ್ಲಿಲ್ವಾ?’

ರೇವಣಸಿದ್ದಯ್ಯ ಬಾಯಿ ತೆರೆದ. ಇವನೊಬ್ಬನಿಗಾದರೂ ಹೇಳಬಹುದು. ಹೇಳಿದರೆ ಇವನು ಎದ್ದು ಒಳಗೆ ಓಡುತ್ತಾನೆ, ಅಯ್ನೋರು ಕದ್ದಿಲ್ಲ ಎನ್ನುತ್ತಾನೆ, ಗೇಟುಗಳು ಮತ್ತೆ ತೆರೆಯುತ್ತವೆ. ‘ಚೀಲದಲ್ಲಿ’ ಎಂದ. ‘ದಿನಾ ಒಂದಿಷ್ಟು.’

‘ಚೀಲದಾಗೆ!’ ಅಡವಿಯಪ್ಪ ತೊಡೆ ತಟ್ಟಿಕೊಂಡು ನಕ್ಕ. ಎರಡು ವಾರದ ಮೇಲೆ ನಕ್ಕದ್ದಿರಬೇಕು, ನಗು ಕೆಮ್ಮಾಯಿತು. ‘ನನ್ ಕರ್ಮ. ನಿನ್ ಮುಂದೆ ಉಸ್ರು ಬುಡಕ್ಕೂ ಎದರ್ತಿದ್ದೆ ಕಣ್ಲಾ ನಾನು. ನೀನೂ ನಮ್ಮಂಗೇ ಮನ್ಸ ಬುಡು. ಒಪ್ಕಂಡ್ಯಲ್ಲ, ಅದೇ ದೊಡ್ದು.’ ಜೇಬಿನಿಂದ ಬೀಡಿ ತೆಗೆದು ಹೊತ್ತಿಸಿಕೊಂಡ. ಎರಡು ಸಲ ಎಳೆದು, ಏನೋ ಯೋಚಿಸಿದವನಂತೆ ಅದನ್ನು ನೋಡಿ, ತುದಿಯನ್ನು ಹೆಬ್ಬೆರಳಿನಿಂದ ಒರೆಸಿ ಇವನ ಕಡೆಗೆ ಚಾಚಿದ. ‘ತಗೊ. ಪೊಲೀಸ್ನೋರು ಬರ್ತಾರೆ, ಅದಕ್ ಮುಂಚೆ ಒಂದು ದಮ್ ಎಳಿ. ಎದೆ ಗಟ್ಟಿ ಆಯ್ತದೆ.’

ಒರೆಸಿದ್ದರೂ ಎಂಜಲಿನ ಒದ್ದೆ ಬಿಸಿಲಿನಲ್ಲಿ ಕಾಣುತ್ತಿತ್ತು. ರೇವಣಸಿದ್ದಯ್ಯ ಕೈ ನೀಡಿದ. ತುಟಿಗಿಟ್ಟು ಎಳೆದ. ಹೊಗೆ ಗಂಟಲಲ್ಲಿ ಸಿಕ್ಕಿಕೊಂಡು ಕಣ್ಣಲ್ಲಿ ನೀರು ಬಂತು, ಬಗ್ಗಿ ಬಗ್ಗಿ ಕೆಮ್ಮಿದ. ಅಡವಿಯಪ್ಪ ಅವನ ಬೆನ್ನನ್ನು ತನ್ನ ದೊರಗು ಅಂಗೈಯಿಂದ ಮೇಲಿಂದ ಕೆಳಕ್ಕೆ ನೀವುತ್ತ ಹೇಳಿದ:

‘ಮೆಲ್ಗೆ ಕಣ್ಲಾ, ಮೆಲ್ಗೆ. ಮೊದಮೊದ್ಲು ಹಂಗೇಯ.’